ಎಥಿಕ್ಸ್, ಮಾರಲ್ಸ್, ಇಂಟೆಗ್ರಿಟಿ: ಎಲ್ಲಾದಕ್ಕೂ ‘ನೈತಿಕತೆ’ ಒಂದೇ ಪದ ಸಾಕಾ?

ಯುಪಿಎಸ್‌ಸಿ ಮೇನ್ಸ್‌ಗೆ 2013ರಲ್ಲಿ 250 ಅಂಕದ ಎಥಿಕ್ಸ್ ಪೇಪರ್ ಬಂತಲ್ಲ, ಅದಕ್ಕೆ ಕನ್ನಡದಲ್ಲಿ ನೋಟ್ಸ್ ಮಾಡ್ಕೊಳ್ತಿದ್ದ ನಮ್ಮ ಚಿಕ್ಕಮ್ಮನ ಮಗ ಮೊನ್ನೆ ಕೇಳ್ದ, ಅಣ್ಣಾ ಎಥಿಕ್ಸ್ ಅಂದ್ರೂ ನೈತಿಕತೆ, ಮೊರಾಲಿಟಿ ಅಂದ್ರೂ ನೈತಿಕತೆ ಅಂತ ಬರ್ಕೊಂಡಿದೀನಿ, ಎರಡೂ ಒಂದೇ ಆದ್ರೆ ಇಂಗ್ಲಿಷ್‌ನೋರು ಎರಡು ಪದ ಯಾಕಿಟ್ಕೊಂಡಿದಾರೆ ಅಂತ. ಒಳ್ಳೇ ಪ್ರಶ್ನೆ.

ಹುಟ್ಟಿನಲ್ಲಿ ನೋಡಿದ್ರೆ ಎರಡೂ ಒಂದೇನೇ. ಎಥಿಕ್ಸ್ ಬಂದಿದ್ದು ಗ್ರೀಕ್‌ನ ಈಥೋಸ್‌ನಿಂದ, ಅಂದ್ರೆ ಮನುಷ್ಯನ ಸ್ವಭಾವ, ಗುಣ. ಅಭ್ಯಾಸ ಅನ್ನೋದಕ್ಕಿದ್ದ ಗ್ರೀಕ್ ಪದಾನೂ ಹೆಚ್ಚುಕಮ್ಮಿ ಇದೇ ಥರ ಇತ್ತು, ಅದಕ್ಕೇ ಅರಿಸ್ಟಾಟಲ್ ಅವೆರಡನ್ನೂ ಸೇರಿಸಿ, ಒಳ್ಳೇ ಗುಣ ಅನ್ನೋದು ಮಾಡ್ತಾ ಮಾಡ್ತಾ ರೂಢಿಯಾಗಿ ಬರೋದು ಅಂತ ವಿವರಿಸ್ದ. ಆಮೇಲೆ ರೋಮ್‌ನಲ್ಲಿ ಸಿಸೆರೋ ಈ ಗ್ರೀಕ್ ಪದಾನ ಲ್ಯಾಟಿನ್‌ಗೆ ತರ್ಬೇಕಾದಾಗ, ರೀತಿ ರಿವಾಜು ಅನ್ನೋ ಅರ್ಥದ ‘ಮೋರೆಸ್’ ತಗೊಂಡು ‘ಮೊರಾಲಿಸ್’ ಅಂತ ಹೊಸ ಪದಾನೇ ಕಟ್ಟಿದ. ಅಲ್ಲಿಗೆ ಮಾರಲ್ ಅನ್ನೋದು ಎಥಿಕಲ್ ಅನ್ನೋದರ ಅನುವಾದ! ಬೇರೆ ಬೇರೆ ಆಗಿದ್ದು ಆಮೇಲಿನ ಬಳಕೆಯಲ್ಲಿ.

ಇವತ್ತಿನ ಆಡುಮಾತಿನ ಇಂಗ್ಲಿಷ್‌ನಲ್ಲಿ ಮಾರಲ್ಸ್ ಅಂದ್ರೆ ಸಾಮಾನ್ಯವಾಗಿ ನಮ್ಮೊಳಗಿರೋದು, ಅಪ್ಪ ಅಮ್ಮ ಹೇಳ್ಕೊಟ್ಟಿದ್ದು, ದೇವ್ರು ಧರ್ಮದಿಂದ ಬಂದಿದ್ದು. ಎಥಿಕ್ಸ್ ಅಂದಾಗ ಜಾಸ್ತಿ ಕಿವಿಗೆ ಬೀಳೋದು ಕೆಲಸದ, ವೃತ್ತಿಯ ಕಟ್ಟುಪಾಡು. (ಫಿಲಾಸಫಿ ಓದಿದೋರು ಈ ಗೆರೆ ಒಪ್ಪಲ್ಲ, ಅವ್ರಿಗೆ ಎಥಿಕ್ಸ್ ಅಂದ್ರೆ ಸರಿ ತಪ್ಪುಗಳ ಬಗ್ಗೆ ಯೋಚಿಸೋ ಶಾಸ್ತ್ರ.) ಎರಡೂ ಎದುರುಬದುರಾಗೋದು ನೋಡ್ಬೇಕು ಅಂದ್ರೆ ವಕೀಲರನ್ನ ನೋಡಿ. ಆರೋಪಿ ತಪ್ಪು ಮಾಡಿದಾನೆ ಅಂತ ತನಗೇ ಅನ್ನಿಸಿದ್ರೂ, ಆ ಸ್ವಂತ ಅಭಿಪ್ರಾಯ ಬದಿಗಿಟ್ಟು ಅವನ ಪರ ವಾದ ಮಾಡ್ಬೇಕು ಅಂತ ಬಾರ್ ಕೌನ್ಸಿಲ್ ಆಫ್ ಇಂಡಿಯಾ ನಿಯಮವೇ ಇದೆ. ರಾತ್ರಿ ಮನೆಗೆ ಬಂದಾಗ ಮನಸ್ಸು ಒಪ್ಪದೇ ಇರ್ಬೋದು, ಅದು ಮಾರಲ್. ಆದ್ರೆ ಕೇಸನ್ನ ಬೇಕಂತಲೇ ಸಡಿಲ ಬಿಟ್ರೆ ಅದು ಅನ್‌ಎಥಿಕಲ್. ಈ ನಿಯಮ ಇರೋದು ಸರಿ ಅಂತಾನೇ ನನ್ನ ಅಭಿಪ್ರಾಯ, ಇಲ್ಲಾಂದ್ರೆ ಜನ ಕೆಟ್ಟೋನು ಅಂತ ತೀರ್ಮಾನ ಮಾಡ್ಬಿಟ್ಟೋನಿಗೆ ವಕೀಲನೇ ಸಿಗಲ್ಲ.

ಡಾಕ್ಟರುಗಳ 2002ರ ನಿಯಮಾವಳಿ ಹೆಸರಲ್ಲಿ ಕಾಂಡಕ್ಟ್, ಎಟಿಕೆಟ್, ಎಥಿಕ್ಸ್ ಅಂತ ಮೂರೂ ಪದ ಒಟ್ಟಿಗೆ ಬರತ್ತೆ. ಎಟಿಕೆಟ್ ಅಂದ್ರೆ ಮರ್ಯಾದೆ, ನಡೆನುಡಿ, ಇನ್ನೊಬ್ಬ ಡಾಕ್ಟರನ್ನ ರೋಗಿ ಮುಂದೆ ಹೀಗಳೀಬಾರದು ಅನ್ನೋ ಥರದ್ದು. ಪೇಷಂಟ್‌ನ ಕಳಿಸಿದ್ದಕ್ಕೆ ಕಮಿಷನ್ ತಗೊಳ್ಳೋದು ಮರ್ಯಾದೆ ಪ್ರಶ್ನೆ ಅಲ್ಲ, ಎಥಿಕ್ಸ್ ಪ್ರಶ್ನೆ, ಅಲ್ಲಿ ನಂಬಿಕೆನೇ ಮುರೀತು.

ಇನ್ನು ಇಮ್ಮಾರಲ್. ಇದನ್ನ ಹುಷಾರಾಗಿ ಬಳಸ್ಬೇಕು, ಯಾಕಂದ್ರೆ ಆಡುಮಾತಲ್ಲಿ ಇದು ಎಷ್ಟೋ ಸಲ ಗಂಡು ಹೆಣ್ಣಿನ ವಿಷಯಕ್ಕೇ ಹೋಗಿಬಿಡತ್ತೆ, ನಮ್ಮ ಪೇಪರಿನವರ ‘ಅನೈತಿಕ ಸಂಬಂಧ’ ಇದ್ದ ಹಾಗೆ. ಸುಳ್ಳು ಬಿಲ್ ಹಾಕೋ ಮ್ಯಾನೇಜರ್‌ನ ಅನ್‌ಎಥಿಕಲ್ ಅನ್ನಿ ಸಾಕು, ಇಮ್ಮಾರಲ್ ಅಂದ್ರೆ ಕೇಳೋರು ಬೇರೇನೋ ಅರ್ಥ ಮಾಡ್ಕೊಳ್ಬೋದು. ಏಮಾರಲ್ ಇನ್ನೂ ಬೇರೆ, ಇಲಿ ಹಿಡಿಯೋ ಬೆಕ್ಕಿನ ಥರ, ಅಲ್ಲಿ ಸರಿ ತಪ್ಪಿನ ಪ್ರಶ್ನೆನೇ ಏಳಲ್ಲ.

ಕನ್ನಡದಲ್ಲಿ ‘ನೈತಿಕ’ ಒಂದೇ ಪದ ಎಷ್ಟು ಭಾರ ಹೊರ್ತಿದೆ ನೋಡಿ. ಪಾರ್ಕಲ್ಲಿ ಕೂತ ಹುಡುಗ ಹುಡುಗೀನ ಬೆದರ್ಸೋದೂ ‘ನೈತಿಕ ಪೊಲೀಸ್‌ಗಿರಿ’, 1956ರಲ್ಲಿ ಅರಿಯಲೂರು ರೈಲು ಅಪಘಾತ ಆದಾಗ ಲಾಲ್ ಬಹದ್ದೂರ್ ಶಾಸ್ತ್ರಿಗಳು ರೈಲ್ವೆ ಮಂತ್ರಿ ಪದವಿ ಬಿಟ್ಟಿದ್ದೂ ‘ನೈತಿಕ ಹೊಣೆ’ ಹೊತ್ತು. ಇಂಗ್ಲಿಷ್‌ನಲ್ಲೂ ಎರಡೂ ಕಡೆ ಮಾರಲ್ಲೇ. ರೈಲು ಅವ್ರು ಓಡಿಸ್ತಿರ್ಲಿಲ್ಲ, ಆದ್ರೂ ಮನಸ್ಸು ಬಿಡ್ಲಿಲ್ಲ, ಅದಕ್ಕೇ ಆ ಪದ ಅಲ್ಲಿ ಅಷ್ಟು ಚೆನ್ನಾಗಿ ಕೂರತ್ತೆ. ‘ನೀತಿ’ ಕಥೆನೂ ಅಷ್ಟೇ, ಶಿಕ್ಷಣ ನೀತಿ ಅಂದಾಗ ಪಾಲಿಸಿ, ನೀತಿ ಸಂಹಿತೆ ಅಂದಾಗ ಕಾಂಡಕ್ಟ್. ಹಾಗಾಗಿ ನಾನು ತಮ್ಮನಿಗೆ ಹೇಳಿದ್ದು, ವೃತ್ತಿಯ ವಿಷಯ ಬಂದ ಕಡೆ ‘ವೃತ್ತಿನೀತಿ’ ಅಂತ ಬರಿ, ಒಳಗಿನ ವಿಷಯಕ್ಕೆ ‘ನೈತಿಕತೆ’ ಇಟ್ಕೋ ಅಂತ.

ಇಂಟೆಗ್ರಿಟಿಗೆ ಪ್ರಾಮಾಣಿಕತೆ ಅಂತ ಬರೀತಾರೆ, ತಪ್ಪಲ್ಲ, ಆದ್ರೆ ಸ್ವಲ್ಪ ಕಮ್ಮಿ ಬೀಳತ್ತೆ. ಲ್ಯಾಟಿನ್‌ನಲ್ಲಿ ಇಂಟೆಜರ್ ಅಂದ್ರೆ ಇಡಿಯಾಗಿರೋದು, ಗಣಿತದ ಪೂರ್ಣಾಂಕಕ್ಕೂ ಅದೇ ಹೆಸರು. ಒಳಗೊಂದು ಹೊರಗೊಂದು ಇಲ್ಲದೇ ಇಡಿಯಾಗಿರೋ ಮನುಷ್ಯ ಅಂತ ಅರ್ಥ.

ನಂಗೆ ತುಂಬಾ ಇಷ್ಟದ್ದು ಸ್ಕ್ರೂಪಲ್ಸ್, ಅಂದ್ರೆ ತಪ್ಪು ಮಾಡೋಕೆ ಹೊರಟಾಗ ಮನಸ್ಸು ಹಿಂಜರಿಯೋದು. ಮೂಲದಲ್ಲಿ ಅದು ಚೂಪಾದ ಸಣ್ಣ ಕಲ್ಲು, ಚಪ್ಪಲಿಯೊಳಗೆ ಸೇರ್ಕೊಂಡ್ರೆ ಹೆಜ್ಜೆ ಹೆಜ್ಜೆಗೂ ಒತ್ತತ್ತಲ್ಲ ಹಾಗೆ. ತಮ್ಮ ಇದಕ್ಕೆ ಕನ್ನಡ ಹುಡುಕ್ತಾ ಕೂತಿದ್ದ, ಒಳಗಿಂದ ನಮ್ಮ ಚಿಕ್ಕಮ್ಮ ‘ಮನಸ್ಸು ಚುಚ್ಚತ್ತೆ ಅನ್ನಲ್ವೇನೋ’ ಅಂದ್ರು, ಅವನು ಅದನ್ನೇ ಬರ್ಕೊಂಡ.