ಆಕಾಶದಲ್ಲಿ ನಾಲ್ಕನೇ ಮಟ್ಟದ ಇಂಗ್ಲಿಷ್

ಪೈಲಟ್‌ಗಳ ಇಂಗ್ಲಿಷ್ ಪರೀಕ್ಷೆಯಲ್ಲಿ ಸರಾಸರಿಗೆ ಜಾಗವಿಲ್ಲ. ಉಚ್ಚಾರಣೆ, ವಾಕ್ಯರಚನೆ, ಪದಸಂಪತ್ತು, ನಿರರ್ಗಳತೆ, ಗ್ರಹಿಕೆ, ಸಂವಾದ ಎಂಬ ಆರು ವಿಭಾಗಗಳಿಗೂ 1ರಿಂದ 6ರವರೆಗೆ ಬೇರೆ ಬೇರೆ ಮಟ್ಟ ನಿಗದಿ ಮಾಡುತ್ತಾರೆ. ಐದರಲ್ಲಿ 6 ಬಂದು, ಗ್ರಹಿಕೆಯೊಂದರಲ್ಲಿ 3 ಬಂದರೆ ಅಭ್ಯರ್ಥಿಯ ಮಟ್ಟ 3 ಎಂದೇ ಲೆಕ್ಕ. ಅಂತರರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ 4 ಬೇಕು. ಎಷ್ಟೇ ಸೊಗಸಾಗಿ ಮಾತನಾಡಿದರೂ ಎದುರಿನವರ ಮಾತು ತಿಳಿಯದಿದ್ದರೆ ಮನೆಗೆ ಹೋಗಬೇಕಾದ್ದೇ. ನಿಯಂತ್ರಣ ಗೋಪುರದಲ್ಲಿ ಕೂರುವವರಿಗೂ ಇದೇ ಅಳತೆಗೋಲು.

ಇಷ್ಟು ನಿಷ್ಠುರವಾದ ನಿಯಮ ಮೊದಲಿನಿಂದಲೂ ಇರಲಿಲ್ಲ. 1950ರ ದಶಕದಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ಹೇಳಿದ್ದು ಬರೀ ಶಿಫಾರಸು: ಇದಕ್ಕಿಂತ ಸೂಕ್ತವಾದ ಮಾತಿನ ರೂಪ ಸಿಗುವವರೆಗೆ ರೇಡಿಯೊದಲ್ಲಿ ಇಂಗ್ಲಿಷ್ ಇರಲಿ ಎಂದು. ಆ ಸೂಕ್ತ ರೂಪ ಸಿಗಲೇ ಇಲ್ಲ. ಯಾರಿಗೆ ಎಷ್ಟು ಇಂಗ್ಲಿಷ್ ಬರುತ್ತದೆ ಎಂದು ಅಳೆಯುವ ಗೋಜಿಗೂ ಯಾರೂ ಹೋಗಲಿಲ್ಲ. ತಮಾಷೆಯೆಂದರೆ ಈ ಸಂಸ್ಥೆಯ ಪ್ರಧಾನ ಕಚೇರಿ ಇರುವುದು ಕೆನಡಾದ ಫ್ರೆಂಚ್ ಪ್ರಾಂತ್ಯ ಕ್ವಿಬೆಕ್‌ನ ಮಾಂಟ್ರಿಯಲ್‌ನಲ್ಲಿ. ಅದೇ ಕ್ವಿಬೆಕ್‌ನ ಆಕಾಶದಲ್ಲಿ ಫ್ರೆಂಚ್ ಆಡಬಹುದೇ ಎಂಬ ಜಗಳ 1976ರಲ್ಲಿ ಪೈಲಟ್‌ಗಳ ಮುಷ್ಕರದವರೆಗೆ ಹೋಗಿತ್ತು. ಎರಡೂ ಭಾಷೆ ಬಳಸಿದರೆ ಅಪಾಯವಿಲ್ಲ ಎಂದು ತನಿಖಾ ಆಯೋಗ ಹೇಳಲು 1979 ಬರಬೇಕಾಯಿತು.

ಈ ನಡುವೆ, 1977ರ ಮಾರ್ಚ್ 27ರಂದು ಸ್ಪೇನಿನ ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೊ ವಿಮಾನಗಳು ಒಂದೇ ರನ್‌ವೇಯಲ್ಲಿ ಡಿಕ್ಕಿಯಾಗಿ 583 ಮಂದಿ ಸತ್ತರು. ಓಡಲು ಶುರುಮಾಡಿದ್ದ ನೆದರ್‌ಲೆಂಡ್ಸ್‌ನ ಕೆಎಲ್‌ಎಂ ವಿಮಾನದಿಂದ ಬಂದ ಮಾತು 'ವೀ ಆರ್ ನೌ ಅಟ್ ಟೇಕಾಫ್'. ಡಚ್ ಭಾಷಿಕರ ಬಾಯಲ್ಲಿ ಅದು 'ಮೇಲೇರುತ್ತಿದ್ದೇವೆ' ಎಂದಾಗಿರಬಹುದು. ಗೋಪುರದಲ್ಲಿದ್ದ ಸ್ಪೇನಿನ ನಿಯಂತ್ರಕರಿಗೆ ಕೇಳಿಸಿದ್ದು 'ಮೇಲೇರುವ ಜಾಗದಲ್ಲಿ ನಿಂತಿದ್ದೇವೆ' ಎಂದು. ಅಪಘಾತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಆ ಬಳಿಕ 'ಟೇಕಾಫ್' ಎಂಬ ಪದವನ್ನು ನಿಜವಾಗಿ ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಬಾಯಿಂದ ಹೊರಡಿಸಬೇಕೆಂದಾಯಿತು. ಉಳಿದೆಲ್ಲ ಸಂದರ್ಭಕ್ಕೂ 'ಡಿಪಾರ್ಚರ್'.

ಹೀಗೆ ಪದಗಳನ್ನು ಬಿಗಿ ಮಾಡಿದರೆ ಸಾಕು ಎಂದುಕೊಂಡವರಿಗೆ 1990ರ ಜನವರಿ 25 ಬೇರೆಯೇ ಪಾಠ ಕಲಿಸಿತು. ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಆವಿಯಾಂಕಾ 52 ವಿಮಾನ ಕೆಟ್ಟ ಹವೆಯಿಂದಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಆಕಾಶದಲ್ಲೇ ಸುತ್ತಿತು. ಇಳಿಯುವ ಮೊದಲ ಯತ್ನ ವಿಫಲವಾದಾಗ ಇಂಧನ ತಳ ಕಂಡಿತ್ತು. ಎಮರ್ಜೆನ್ಸಿ ಎಂದು ಹೇಳು ಎಂದು ಕ್ಯಾಪ್ಟನ್ ಸ್ಪ್ಯಾನಿಷ್‌ನಲ್ಲಿ ಸಹ ಪೈಲಟ್‌ಗೆ ಸೂಚಿಸಿದರು. ಸಹ ಪೈಲಟ್ ರೇಡಿಯೊದಲ್ಲಿ ಹೇಳಿದ್ದು ಇಂಧನ ಮುಗಿಯುತ್ತಿದೆ ಎಂದಷ್ಟೇ. ಅದಕ್ಕೂ ಮೊದಲು 'ಪ್ರಯಾರಿಟಿ' ಕೇಳಿದ್ದರು. ಆ ಪದಕ್ಕೆ ಬೊಗೋಟಾದಲ್ಲಿ ಎಷ್ಟು ತೂಕವೋ, ನ್ಯೂಯಾರ್ಕ್‌ನ ನಿಯಂತ್ರಕರ ಕಿವಿಯಲ್ಲಿ ಅಷ್ಟಿರಲಿಲ್ಲ. ಪ್ರಾಣಾಪಾಯ ಸೂಚಿಸುವ 'ಮೇಡೇ' ಎಂಬ ಒಂದು ಪದ ಬಂದಿದ್ದರೆ ದಾರಿ ತೆರವಾಗುತ್ತಿತ್ತು. ಹೇಳಿದೆಯಾ ಎಂದು ಕ್ಯಾಪ್ಟನ್ ಕೇಳಿದರು. ಹೇಳಿದೆ ಎಂದರು ಸಹ ಪೈಲಟ್. ವಿಮಾನ ಲಾಂಗ್ ಐಲೆಂಡ್‌ನ ಗುಡ್ಡಕ್ಕೆ ಬಿತ್ತು. 158 ಜನರಲ್ಲಿ 73 ಮಂದಿ ಸತ್ತರು. ಬೆಂಕಿ ಹೊತ್ತಿಕೊಳ್ಳಲಿಲ್ಲ, ಉರಿಯಲು ಇಂಧನವೇ ಉಳಿದಿರಲಿಲ್ಲ.

ನಮ್ಮ ನೆಲದ ದುರಂತ ಇದಕ್ಕಿಂತ ದೊಡ್ಡದು. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಹೊರಟ ಸೌದಿಯ ಬೋಯಿಂಗ್ 747 ಮತ್ತು ದೆಹಲಿಗೆ ಇಳಿಯುತ್ತಿದ್ದ ಕಜಕಸ್ತಾನದ ಇಲ್ಯೂಷಿನ್ ಎದುರಾಬದುರಾ ಬಂದವು. ಸೌದಿ ವಿಮಾನ 14 ಸಾವಿರ ಅಡಿಯಲ್ಲಿ, ಕಜಕ್ ವಿಮಾನ 15 ಸಾವಿರದಲ್ಲಿ ಇರಬೇಕಿತ್ತು. ಕಜಕ್ ವಿಮಾನದಲ್ಲಿ ಗೋಪುರದೊಂದಿಗೆ ಇಂಗ್ಲಿಷ್‌ನಲ್ಲಿ ಮಾತನಾಡುವ ಕೆಲಸ ಪೈಲಟ್‌ಗಳದಲ್ಲ, ಅವರ ಹಿಂದೆ ಕೂತ ರೇಡಿಯೊ ಆಪರೇಟರ್‌ನದು. ಆತನ ಮುಂದೆ ಎತ್ತರ ತೋರಿಸುವ ಮಾಪಕವೇ ಇರಲಿಲ್ಲ. ಪೈಲಟ್‌ಗಳ ಭುಜದ ಮೇಲಿಂದ ಇಣುಕಿ ನೋಡಬೇಕಿತ್ತು. ವಿಮಾನ 15 ಸಾವಿರದಲ್ಲಿ ನಿಲ್ಲದೆ ಕೆಳಗಿಳಿದು ಸೌದಿ ವಿಮಾನಕ್ಕೆ ಡಿಕ್ಕಿಯಾಯಿತು. 349 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ನೇತೃತ್ವದ ತನಿಖೆ ಕಜಕ್ ಸಿಬ್ಬಂದಿಯತ್ತ ಬೊಟ್ಟು ಮಾಡಿತು. ಅವರ ಇಂಗ್ಲಿಷ್ ಎಷ್ಟರದು ಎಂಬ ಪ್ರಶ್ನೆಯೂ ಎದ್ದಿತು.

ಎರಡು ವರ್ಷಗಳ ಬಳಿಕ, 1998ರಲ್ಲಿ, ಐಸಿಎಒ ಮಹಾಸಭೆ ಪೈಲಟ್ ಮತ್ತು ನಿಯಂತ್ರಕರ ಇಂಗ್ಲಿಷನ್ನು ಬಲಪಡಿಸಬೇಕೆಂಬ ನಿರ್ಣಯ ಕೈಗೊಂಡಿತು. 2003ರಲ್ಲಿ ಪರೀಕ್ಷೆಯ ನಿಯಮ ಬಂತು, 2008ರ ಮಾರ್ಚ್ 5ರ ಗಡುವೂ ಬಂತು. ಬಹಳಷ್ಟು ದೇಶಗಳು ತಯಾರಾಗಿರಲಿಲ್ಲವಾದ್ದರಿಂದ 2011ರ ಮಾರ್ಚ್‌ವರೆಗೆ ಸಮಯ ಸಿಕ್ಕಿತು. ಭಾರತದಲ್ಲಿ ಈ ಮಟ್ಟವನ್ನು ಲೈಸೆನ್ಸ್‌ನಲ್ಲಿ ನಮೂದಿಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ).

ಪರೀಕ್ಷೆ ಅಳೆಯುವುದು 'ರೋಜರ್', 'ವಿಲ್ಕೋ' ಎಂಬಂಥ ರೇಡಿಯೊದ ಸಿದ್ಧ ಪದಗಳನ್ನಲ್ಲ. ಅವನ್ನು ಯಾರು ಬೇಕಾದರೂ ಉರು ಹೊಡೆಯಬಹುದು. ಎಂಜಿನ್‌ಗೆ ಹಕ್ಕಿ ಬಡಿದಾಗ, ಪ್ರಯಾಣಿಕರೊಬ್ಬರಿಗೆ ಎದೆನೋವು ಬಂದಾಗ, ಉರು ಹೊಡೆದ ಪಾಠದಲ್ಲಿ ಇಲ್ಲದ ಮಾತನ್ನು ಸರಳ ಇಂಗ್ಲಿಷ್‌ನಲ್ಲಿ ಹೇಳಲು ಬರುತ್ತದೆಯೇ ಎಂಬುದನ್ನು. 4ನೇ ಮಟ್ಟದವರು ಮೂರು ವರ್ಷಕ್ಕೊಮ್ಮೆ, 5ನೇ ಮಟ್ಟದವರು ಆರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆಗೆ ಕೂರಬೇಕೆಂಬುದು ಐಸಿಎಒ ಶಿಫಾರಸು. 6 ಸಿಕ್ಕಿದವರಿಗೆ ಮತ್ತೆ ಪರೀಕ್ಷೆಯಿಲ್ಲ.

ನನ್ನ ತಕರಾರು ಇರುವುದು ಈ ಕೊನೆಯ ಸಾಲಿನ ಬಗ್ಗೆ. ಇಂಗ್ಲಿಷ್ ಮನೆಮಾತಾದವರು ಸಾಮಾನ್ಯವಾಗಿ ನೇರ 6ಕ್ಕೆ ಹೋಗಿ ಕೂರುತ್ತಾರೆ. 1989ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದ ಬಳಿ ಇಳಿಯುತ್ತಿದ್ದ ಫ್ಲೈಯಿಂಗ್ ಟೈಗರ್ 66 ಸರಕು ವಿಮಾನದಲ್ಲಿದ್ದವರು ಅಮೆರಿಕದ ಸಿಬ್ಬಂದಿ. 'ಡಿಸೆಂಡ್ ಟೂ ಫೋರ್ ಜೀರೊ ಜೀರೊ' ಎಂದರು ನಿಯಂತ್ರಕರು, ಅಂದರೆ 2400 ಅಡಿ. ವಿಮಾನದಲ್ಲಿ 'ಟೂ' ಎಂಬ ಅಂಕೆ 'ಟು' ಎಂಬ ಪದವಾಗಿ ಕೇಳಿಸಿತು: 400ಕ್ಕೆ ಇಳಿಯಿರಿ. 'ಓಕೆ, ಫೋರ್ ಜೀರೊ ಜೀರೊ' ಎಂದು ಮರುನುಡಿದರು ಕ್ಯಾಪ್ಟನ್. ಗೋಪುರದಿಂದ ತಿದ್ದುವ ಮಾತು ಬರಲಿಲ್ಲ. ನೆಲ ಸಮೀಪಿಸುತ್ತಿದೆ ಎಂಬ ಎಚ್ಚರಿಕೆಯ ಧ್ವನಿಗೂ ವಿಮಾನದೊಳಗೆ ಯಾರೂ ಕಿವಿಗೊಡಲಿಲ್ಲ. ವಿಮಾನ ಗುಡ್ಡಕ್ಕೆ ಅಪ್ಪಳಿಸಿ ನಾಲ್ವರೂ ಸತ್ತರು. ಇಂದಿನ ಪರೀಕ್ಷೆಗೆ ಕೂತಿದ್ದರೆ ಆ ಸಿಬ್ಬಂದಿಗೆ ಬಹುಶಃ 6 ಸಿಗುತ್ತಿತ್ತು.