ಬಳ್ಳಿ ಸೊಂಪಾಗಿದೆ, ಬುಡದಲ್ಲಿ ಗೆಣಸಿಲ್ಲ: ಯಾವ ಗೊಬ್ಬರ ಹಾಕಲಿ?

ಪ್ರಶ್ನೆ: ಹಿತ್ತಲಿನ ಕೆಂಪು ಮಣ್ಣಿನಲ್ಲಿ ಸಿಹಿ ಗೆಣಸು ಬೆಳೆಯುತ್ತಿದ್ದೇನೆ. ವಾರಕ್ಕೊಮ್ಮೆ ಸಗಣಿ ಬಗ್ಗಡ, ಗಂಜಲ ಕೊಡುತ್ತೇನೆ. ಬಳ್ಳಿ ನೆಲ ಕಾಣದಂತೆ ಹಬ್ಬಿದೆ. ಹೋದ ವರ್ಷ ಅಗೆದಾಗ ಬೆರಳು ಗಾತ್ರದ ಬೇರು ಬಿಟ್ಟರೆ ಏನೂ ಸಿಗಲಿಲ್ಲ. ಇನ್ನೂ ಯಾವ ಸಾವಯವ ಗೊಬ್ಬರ ಬೇಕು?

ಉತ್ತರ: ಮೊದಲು ಆ ಬಗ್ಗಡ, ಗಂಜಲ ನಿಲ್ಲಿಸಿ. ಗಂಜಲದಲ್ಲಿ ಸಾರಜನಕ ಹೆಚ್ಚು. ವಾರವಾರವೂ ಅದು ಸಿಕ್ಕರೆ ಬಳ್ಳಿಗೆ ಎಲೆ ಬಿಡುವುದೇ ಕೆಲಸವಾಗುತ್ತದೆ, ಬೇರಿಗೆ ಹಿಟ್ಟು ಇಳಿಯುವುದಿಲ್ಲ.

ನಾವು ತಿನ್ನುವ ಗೆಣಸು ದಪ್ಪಗಾದ ಬೇರು. ಕುಡಿ ನೆಟ್ಟ ಮೊದಲ ನಾಲ್ಕರಿಂದ ಆರು ವಾರಗಳಲ್ಲೇ ಯಾವ ಬೇರು ಊದಬೇಕು, ಯಾವುದು ನಾರಾಗಿ ಉಳಿಯಬೇಕು ಎಂಬುದು ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಆ ಹೊತ್ತಿನಲ್ಲಿ ಮಣ್ಣು ಗಟ್ಟಿಯಾಗಿದ್ದರೆ, ನೀರು ನಿಂತಿದ್ದರೆ ಅಥವಾ ಸಾರಜನಕ ಮಿತಿಮೀರಿದ್ದರೆ ನಿಮಗೆ ಸಿಕ್ಕಂಥ ಪೆನ್ಸಿಲ್ ಬೇರುಗಳೇ ಉಳಿಯುತ್ತವೆ. ಆದ್ದರಿಂದ ಗೆಣಸಿಗೆ ಗೊಬ್ಬರ ನೆಡುವ ಮೊದಲೇ ಮಣ್ಣಿಗೆ ಸೇರಿರಬೇಕು, ಅದೂ ಹಳೆಯದಾಗಿರಬೇಕು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಚದರ ಮೀಟರಿಗೆ ಒಂದು ಕೆಜಿ ಸಾಕು. ಎಕರೆಯ ಲೆಕ್ಕದಲ್ಲಿ ಸುಮಾರು 4 ಟನ್. ಕಳಿತಿದೆಯೇ ಎಂದು ತಿಳಿಯಲು ತಿಪ್ಪೆಯ ಒಳಗಿನಿಂದ ಒಂದು ಹಿಡಿ ತೆಗೆದು ಮೂಸಿ ನೋಡಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಆಯಿತು. ಮೂಗಿಗೆ ಘಾಟು ಹೊಡೆದರೆ, ಕೈಗೆ ಬಿಸಿ ತಾಗಿದರೆ ಇನ್ನೂ ಕಾಯಬೇಕು. ಅದನ್ನು ಬೆರೆಸಿ, ಒಂದು ಗೇಣಿಗಿಂತ ಎತ್ತರವಾಗಿ ಬೋದು, ಅಂದರೆ ಮಣ್ಣಿನ ಏರು ಸಾಲು, ಏರಿಸಿ. ಬೆಳಗಾವಿ, ಖಾನಾಪುರದ ಕಡೆ ಮಳೆಗಾಲದಲ್ಲೂ ಗೆಣಸು ಕೈಗೆ ಹತ್ತುತ್ತದೆಂದರೆ ನೀರು ಬಸಿದುಹೋಗುವ ಆ ಕೆಂಪು ಮಣ್ಣಿನ ಉಪಕಾರ ದೊಡ್ಡದು. ಎರೆ ಮಣ್ಣಿನವರಿಗೆ ಬೋದು ಇನ್ನಷ್ಟು ಎತ್ತರ ಬೇಕು.

ಗೆಣಸು ಹೆಚ್ಚಾಗಿ ಬೇಡುವುದು ಪೊಟ್ಯಾಷ್. ಅದಕ್ಕೆ ನನ್ನ ಮೊದಲ ಆಯ್ಕೆ ಬಚ್ಚಲ ಒಲೆಯ ಸೌದೆ ಬೂದಿ. ಚದರ ಮೀಟರಿಗೆ ಒಂದು ದೊಡ್ಡ ಹಿಡಿ ಉದುರಿಸಿ ಮಣ್ಣಿಗೆ ಕಲೆಸಿ. ಒಲೆ ಹೊತ್ತಿಸಲು ಪ್ಲಾಸ್ಟಿಕ್ ಕವರ್ ಹಾಕುವ ಅಭ್ಯಾಸವಿದ್ದರೆ ದಯವಿಟ್ಟು ಆ ಬೂದಿಯನ್ನು ತೋಟಕ್ಕೆ ತರಬೇಡಿ. ಹಸಿ ಸಗಣಿಯೊಂದಿಗೂ ಬೆರೆಸಬೇಡಿ, ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಭತ್ತದ ಹೊಟ್ಟಿನ ಬೂದಿಯನ್ನು ಇದಕ್ಕೆ ಬದಲಾಗಿ ಹಾಕುವವರಿದ್ದಾರೆ. ಅದರಲ್ಲಿ ಹೆಚ್ಚಿನ ಪಾಲು ಸಿಲಿಕಾ, ಪೊಟ್ಯಾಷ್ ಅಲ್ಪ. ಗೆಣಸಿಗೆ ಹಿತವಾದ ಮಣ್ಣಿನ ರಸಸಾರ (pH) 5.5ರಿಂದ 6.5. ಬೂದಿ ಕ್ಷಾರವಾದ್ದರಿಂದ ಚೌಳು ಮಣ್ಣಿನವರು ಅದನ್ನು ಬಿಟ್ಟು ಬಾಳೆದಿಂಡು ಕೊಳೆಸಿದ ಕಾಂಪೋಸ್ಟ್ ಬಳಸುವುದು ಒಳ್ಳೆಯದು.

ಸುಮಾರು ನಲವತ್ತೈದನೆಯ ದಿನ ಕಳೆ ತೆಗೆದು ಬುಡಕ್ಕೆ ಮಣ್ಣು ಏರಿಸಿ, ಮೇಲೆ ಒಣ ಎಲೆ ಹೊದಿಸಿ. ಇದನ್ನು ಅಸಡ್ಡೆ ಮಾಡಬೇಡಿ. ಗೆಣಸು ಊದುವಾಗ ನೆಲ ಬಿರಿಯುತ್ತದೆ, ಆ ಬಿರುಕಿನಲ್ಲೇ ಮೂತಿ ಹುಳು ಇಳಿದು ಗೆಡ್ಡೆ ಕೊರೆಯುತ್ತದೆ. ಹುಳು ಹೊಕ್ಕ ಗೆಣಸು ಕಹಿಯಾಗಿ, ದನಕ್ಕೆ ಹಾಕಲೂ ಯೋಗ್ಯವಾಗಿ ಉಳಿಯುವುದಿಲ್ಲ.

ಈಗಿರುವ ಬೆಳೆಯನ್ನು ಕಿತ್ತುಹಾಕಬೇಡಿ. ನೀರನ್ನು ಮಿತವಾಗಿ ಕೊಡಿ, ಗೆಣ್ಣಿನಲ್ಲಿ ಬೇರು ಬಿಟ್ಟ ಬಳ್ಳಿಗಳನ್ನು ಮೆಲ್ಲಗೆ ಎತ್ತಿ ಹೊರಳಿಸಿ. ನಾಲ್ಕು ತಿಂಗಳು ತುಂಬುವಾಗ ಒಂದು ಬುಡ ಅಗೆದು ಗೆಣಸನ್ನು ಅಡ್ಡ ಕತ್ತರಿಸಿ ನೋಡಿ. ಒಸರಿದ ಹಾಲು ಕಪ್ಪು ಹಸಿರಿಗೆ ತಿರುಗಿದರೆ ಇನ್ನೂ ಎಳೆಯದು, ಬಣ್ಣ ಬದಲಾಗದೆ ಒಣಗಿದರೆ ಉಳಿದದ್ದನ್ನೂ ಅಗೆಯಬಹುದು.