ಬೀಗದ ಕೈ ಬೇಡ, ಎದೆ ಒತ್ತಿ

2004ರ ಡಿಸೆಂಬರ್ 5, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಫೆಡರೇಷನ್ ಕಪ್ ಫುಟ್‌ಬಾಲ್ ಫೈನಲ್‌ನಲ್ಲಿ ಗೋವಾದ ಡೆಂಪೋ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೇ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಕುಸಿದರು. ಬದುಕಲಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್‌ಗೆ ಯಾರೂ ಡಿಕ್ಕಿ ಹೊಡೆದಿರಲಿಲ್ಲ, ಆದರೂ ಬಿದ್ದರು. ವೈದ್ಯರು ಅಲ್ಲೇ ಅವರ ಎದೆ ಒತ್ತಿದರು, ಯಂತ್ರದಿಂದ ಶಾಕ್ ಕೊಟ್ಟರು. 2024ರ ಯೂರೊ ಕಪ್‌ನಲ್ಲಿ ಅದೇ ಎರಿಕ್ಸನ್ ಗೋಲು ಹೊಡೆದರು.

ಆಡುತ್ತಿದ್ದವರು ಹೀಗೆ ಕುಸಿಯುವುದು ಹೃದಯ ಸ್ತಂಭನದಿಂದ (ಕಾರ್ಡಿಯಾಕ್ ಅರೆಸ್ಟ್). ಇದು ಹಾರ್ಟ್ ಅಟ್ಯಾಕ್ ಅಲ್ಲ. ಹಾರ್ಟ್ ಅಟ್ಯಾಕ್‌ನಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ. ಹೃದಯ ಸ್ತಂಭನದಲ್ಲಿ ಸಾಮಾನ್ಯವಾಗಿ ಹೃದಯದ ವಿದ್ಯುತ್ ಲಯ ಕೆಡುತ್ತದೆ. ಹೃದಯ ಸುಮ್ನೆ ನಡುಗುತ್ತದೆ, ರಕ್ತ ತಳ್ಳುವುದಿಲ್ಲ. ಎಳೆಯರಲ್ಲಿ ಇದಕ್ಕೆ ಹುಟ್ಟಿನಿಂದ ಬಂದ ದೋಷ, ದಪ್ಪಗಾದ ಹೃದಯದ ಗೋಡೆ, ವೈರಲ್ ಜ್ವರದ ನಂತರ ಹೃದಯಕ್ಕೆ ಬರುವ ಉರಿಯೂತ ಕಾರಣವಾಗಬಹುದು. ಹೃದಯ ಬಡಿತದ ಒಂದು ನಾಜೂಕು ಕ್ಷಣದಲ್ಲಿ ಎದೆಗೆ ಚೆಂಡು ಬಿದ್ದರೂ ಸಾಕು, ಆರೋಗ್ಯವಾದ ಹೃದಯವೂ ನಿಂತುಬಿಡಬಹುದು.

ಬಿದ್ದವರ ಕೈಕಾಲು ಕೆಲವೊಮ್ಮೆ ಅದುರುತ್ತವೆ. ನಡುನಡುವೆ ಗೊರಕೆಯಂತೆ ಏದುಸಿರೂ ಬರಬಹುದು. ನಮ್ಮಲ್ಲಿ ಆಗ ಏನು ಮಾಡುತ್ತಾರೆ ಗೊತ್ತಲ್ವಾ? ‘ಫಿಟ್ಸ್ ಬಂತು’ ಅಂತ ಕೈಗೆ ಬೀಗದ ಕೈ ತುರುಕುತ್ತಾರೆ, ಮುಖಕ್ಕೆ ನೀರು ಎರಚುತ್ತಾರೆ. ಬೀಗದ ಕೈಯಿಂದ ಫಿಟ್ಸ್‌ಗೂ ಉಪಯೋಗವಿಲ್ಲ ಬಿಡಿ. ಇಲ್ಲಿ ಅದು ಹೊತ್ತು ಕಳೆಯುತ್ತದೆ, ಅಷ್ಟೆ. ಎದೆ ಒತ್ತದೆ, ಶಾಕ್ ಕೊಡದೆ ಕಳೆದ ಪ್ರತಿ ನಿಮಿಷವೂ ಬದುಕುವ ಸಾಧ್ಯತೆಯನ್ನು ಶೇ 7ರಿಂದ 10ರಷ್ಟು ಕುಗ್ಗಿಸುತ್ತದೆ.

ಆಡುತ್ತಿದ್ದ ಹುಡುಗ ಅಥವಾ ಹುಡುಗಿ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಹೃದಯ ನಿಂತಿದೆ ಎಂದೇ ತಿಳಿಯಿರಿ. ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ತಕ್ಷಣ ಎದೆಯ ನಡುವೆ ಒತ್ತಲು ಶುರುಮಾಡಲಿ. ದೊಡ್ಡ ಮಕ್ಕಳಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪಕ್ಕೆಲುಬು ಮುರಿದೀತೆಂಬ ಹೆದರಿಕೆ ಬೇಡ, ಮುರಿದ ಎಲುಬು ಕೂಡಿಕೊಳ್ಳುತ್ತದೆ. ಶಾಕ್ ಕೊಡುವ ಎಇಡಿ ಯಂತ್ರ ಇದ್ದರೆ ತರಿಸಿ. ಏನು ಮಾಡಬೇಕೆಂದು ಅದೇ ಬಾಯಿಬಿಟ್ಟು ಹೇಳುತ್ತದೆ, ಬೇಡದಿದ್ದರೆ ಶಾಕ್ ಕೊಡುವುದಿಲ್ಲ. ಆದರೆ ಅದನ್ನು ಹೆಡ್‌ಮಾಸ್ಟರ್ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಏನು ಬಂತು?

ಮೊದಲೇ ಪತ್ತೆ ಮಾಡಬಹುದೇ? ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಆಟಗಾರರಿಗೆಲ್ಲ ಇಸಿಜಿ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಯುವ ಆಟಗಾರರ ಹಠಾತ್ ಸಾವು 2004ರ ಹೊತ್ತಿಗೆ ಶೇ 89ರಷ್ಟು ಇಳಿದಿತ್ತು. ಆದರೂ ಎಲ್ಲ ದೋಷವೂ ಇಸಿಜಿಯಲ್ಲಿ ಕಾಣುವುದಿಲ್ಲ. ಓಡುವಾಗಲೇ ತಲೆಸುತ್ತಿ ಬೀಳುವುದು, ಎದೆನೋವು ಬರುವುದು ನಿಜವಾದ ಎಚ್ಚರಿಕೆ. ಬಿಸಿಲಿಗೆ ಬಿದ್ದಿರಬೇಕು ಎಂದು ತಳ್ಳಿಹಾಕಬೇಡಿ. ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡು, ‘ಆಯಸ್ಸೇ ಅಷ್ಟಿತ್ತು’ ಎಂದು ಹಿರಿಯರು ಮಾತು ಮುಗಿಸಿದ್ದರೆ, ಅದನ್ನೂ ಡಾಕ್ಟರಿಗೆ ಹೇಳಿ.